ಎರಡನೇ ಜೋಡಿ ತಂತಿ

“ಸಾರ್, ನಿಮ್ಮ ಕಾಲು ಮಾತ್ರ ಹೊರಗೆ ಕಾಣ್ತಿದೆ. ಯಾರಾದ್ರೂ ನೋಡಿದ್ರೆ ಇನ್ನೊಂದು ಕೇಸು ಬಿತ್ತು ಅಂದ್ಕೋತಾರೆ.”

ಕಾನ್‌ಸ್ಟೇಬಲ್ ತಾನೇ ಹೇಳಿ ತಾನೇ ನಕ್ಕ. ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಠಾಣೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ, ಮೂತಿ ನಜ್ಜುಗುಜ್ಜಾದ ಬೂದು ಕಾರಿನ ಸ್ಟೇರಿಂಗ್ ಕೆಳಗೆ ತಲೆ ತೂರಿಸಿ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು ಅಂಗಾತ ಮಲಗಿದ್ದೆ. ಒಡೆದ ಗಾಜಿನ ಚೂರುಗಳು ಬೆನ್ನಿಗೆ ಒತ್ತುತ್ತಿದ್ದವು. ಒತ್ತಲಿ, ನನಗೆ ಅಷ್ಟಾದರೂ ಆಗಬೇಕು.

ಹೋದ ವಾರ ಇದೇ ಕಾರನ್ನು ನೋಡಿ, ‘ಗಾಡಿಯಲ್ಲಿ ದೋಷವಿಲ್ಲ, ಚಾಲಕ ನಿದ್ದೆ ಹೋಗಿದ್ದಾನೆ’ ಎಂದು ವರದಿ ಬರೆದು ಸಹಿ ಜಡಿದವನು ನಾನು. ನಾಳೆ ಬೆಳಿಗ್ಗೆ ಹತ್ತಕ್ಕೆ ವಿಚಾರಣೆ. ಆ ವರದಿ ಓದಿದರೆ ಡ್ರೈವರಣ್ಣನ ಲೈಸೆನ್ಸು ಹೋಗುತ್ತದೆ. ಹಿಂದಿನ ಸೀಟಿನಲ್ಲಿದ್ದ ಕಾರಿನ ಮಾಲೀಕ, ಪ್ರಿಂಟಿಂಗ್ ಪ್ರೆಸ್ಸಿನ ಯಜಮಾನರ ಸೊಂಟ ಮುರಿದಿರುವುದರಿಂದ ಜೈಲೂ ಆಗಬಹುದು.

ಅಪಘಾತವಾದ ಗಾಡಿಗಳನ್ನು ಪರೀಕ್ಷಿಸುವುದು ನನ್ನ ಕಸುಬು. ಹೊಟ್ಟೆಪಾಡಿಗೆ ಹಿಡಿದ, ವೈರು ಪರೀಕ್ಷಿಸುವ ಮೀಟರು ಕೈ ಬಿಟ್ಟಿದ್ದೇ ಇಲ್ಲ, ಹಾಗಾಗಿ ಎಲ್ಲರಿಗೂ ನಾನು ಮೀಟರ್ ಸಾರ್. ಇಪ್ಪತ್ತು ವರ್ಷದಲ್ಲಿ ಬರೆದ ವರದಿಯನ್ನು ಮತ್ತೆ ತೆರೆದು ನೋಡಿದವನಲ್ಲ. ಆದರೆ ಡ್ರೈವರಣ್ಣ ಆಸ್ಪತ್ರೆಯ ವರಾಂಡದಲ್ಲಿ ಹೇಳಿದ ಒಂದು ಮಾತು ವಾರದಿಂದ ತಲೆ ತಿನ್ನುತ್ತಿತ್ತು.

“ಬ್ರೇಕ್ ಒತ್ತಿದೆ ಸಾರ್, ನಿಧಾನ ಆಯ್ತು. ಕಾಲು ಎತ್ತಿದ ತಕ್ಷಣ ಮತ್ತೆ ನುಗ್ತು. ಮತ್ತೆ ಒತ್ತಿದೆ, ಮತ್ತೆ ನುಗ್ತು. ಮೂರನೇ ಸಲಕ್ಕೆ ಗೋಡೆ ಬಂದುಬಿಡ್ತು.”

ಅವತ್ತು ನಾನು, “ಕಥೆ ಚೆನ್ನಾಗಿ ಕಟ್ತೀಯ” ಎಂದಿದ್ದೆ. ಆತ ಎದುರು ಮಾತಾಡಲಿಲ್ಲ. ನಿದ್ದೆ ಹೋದವನು ‘ಬ್ರೇಕ್ ಹಿಡೀಲಿಲ್ಲ’ ಎಂದು ಸುಳ್ಳು ಹೇಳಬಹುದು. ಕಾಲು ಎತ್ತಿದಾಗ ನುಗ್ಗಿತು ಎಂದು ಹೇಳಬೇಕಾದರೆ ಅದನ್ನು ಅನುಭವಿಸಿರಬೇಕು. ಇಷ್ಟು ಸಣ್ಣ ವಿಷಯ ನನ್ನ ದಪ್ಪ ತಲೆಗೆ ಹೋಗಲು ಏಳು ದಿನ ಬೇಕಾಯಿತು.

ಆ ಕಾರಿಗೆ ಕ್ರೂಸ್ ಕಂಟ್ರೋಲ್ ಇತ್ತು. ಎಂಬತ್ತಕ್ಕೆ ಇಟ್ಟು ಗುಂಡಿ ಒತ್ತಿದರೆ, ಕಾಲಿಡದಿದ್ದರೂ ಗಾಡಿ ಎಂಬತ್ತರಲ್ಲೇ ಓಡುತ್ತದೆ. ಬ್ರೇಕ್ ಮುಟ್ಟಿದ ಕ್ಷಣ ಅದು ಕೈಬಿಡಬೇಕು. ಕೈಬಿಡು ಎಂದು ಹೇಳುವುದು ಪೆಡಲಿನ ಮೇಲಿರುವ ಹೆಬ್ಬೆರಳಿನಷ್ಟು ಸ್ವಿಚ್ಚು. ಅದಕ್ಕೆ ನಾಲ್ಕು ತಂತಿ. ಒಂದು ಜೋಡಿ ಹಿಂದಿನ ಕೆಂಪು ದೀಪಕ್ಕೆ, ಇನ್ನೊಂದು ಜೋಡಿ ಕ್ರೂಸಿಗೆ.

ಹೊರಗಿನಿಂದ ಒಂದು ಬ್ಯಾಟರಿ ತಂದು ಕಾರಿಗೆ ಜೋಡಿಸಿದ್ದೆ. ಮೊದಲ ಜೋಡಿ ನೋಡಿದೆ, ಸರಿಯಿತ್ತು. ಮೀಟರಿನ ಎರಡು ಕಡ್ಡಿಗಳನ್ನು ಎರಡನೇ ಜೋಡಿಗೆ ಇಟ್ಟೆ. ಮೀಟರು ಕುಯ್ಯೆಂದಿತು. ತಂತಿ ಕೂಡಿದೆ ಎಂದರ್ಥ. ಕಾಲು ಬ್ರೇಕಿನ ಮೇಲಿಲ್ಲದಾಗ ಹಾಗೆಯೇ ಇರಬೇಕು.

“ಸ್ವಲ್ಪ ಬ್ರೇಕ್ ಒತ್ತಿ.”

“ನೀವು ಅಲ್ಲಿ ಮಲಗಿದ್ರೆ ನಾನು ಎಲ್ಲಿ ಕಾಲಿಡಲಿ ಸಾರ್?”

“ಲಾಠಿ ಇದೆಯಲ್ಲ.”

ಕಾನ್‌ಸ್ಟೇಬಲ್ ಲಾಠಿಯ ತುದಿಯನ್ನು ನನ್ನ ಮೂಗಿನ ಪಕ್ಕದಲ್ಲೇ ತೂರಿಸಿ ಪೆಡಲು ಒತ್ತಿದ. ಈಗ ಮೀಟರು ಸುಮ್ಮನಾಗಬೇಕು.

ಮೀಟರು ಕುಯ್ಯೆನ್ನುತ್ತಲೇ ಇತ್ತು.

“ಒತ್ತಿದ್ರಾ?”

“ಒತ್ತಿದ್ದೀನಿ ಸಾರ್. ಇನ್ನೂ ಒತ್ತಿದ್ರೆ ಲಾಠಿ ಮುರಿಯತ್ತೆ.”

“ಬಿಡಿ. ಮತ್ತೆ ಒತ್ತಿ.”

ಅದೇ ಶಬ್ದ. ಹೋದ ವಾರದ ವರದಿಯಲ್ಲಿ ‘ಬ್ರೇಕ್ ಸ್ವಿಚ್ಚು: ಸರಿಯಿದೆ’ ಎಂದು ಬರೆದದ್ದು ಕಣ್ಣಿಗೆ ಕಟ್ಟಿತು. ಕೆಳಗೆ ನನ್ನ ಸಹಿ, ಅದಕ್ಕೆ ಎರಡು ಗೆರೆ ಎಳೆದ ಜಂಭ.

ಟಾರ್ಚನ್ನು ಸ್ವಿಚ್ಚಿನ ಹಿಂಬದಿಗೆ ತಿರುಗಿಸಿದೆ. ಮೇಲ್ನೋಟಕ್ಕೆ ಕಾಣದ ಹಾಗೆ, ಎರಡು ತಂತಿಗಳಿಗೂ ಒಂದೊಂದು ಗುಂಡುಪಿನ್ನು ಚುಚ್ಚಿತ್ತು. ಪಿನ್ನಿನಿಂದ ಪಿನ್ನಿಗೆ ಐದು ಬೆರಳಗಲದಷ್ಟು ಉದ್ದದ ಒಂದು ತುಂಡು ತಂತಿ, ಬಿಳಿ ಬಣ್ಣ, ನಡುವೆ ಹಸಿರು ಗೆರೆ. ಎರಡೂ ತುದಿಗೆ ಟೇಪು ಸುತ್ತುವ ಬದಲು ಕಪ್ಪು ದಾರವನ್ನು ಒತ್ತೊತ್ತಾಗಿ ಸುತ್ತಿ ಗಂಟು ಹಾಕಿತ್ತು.

“ಏನ್ ಸಾರ್ ಅದು?”

“ಸೇತುವೆ. ನೀವು ಬ್ರೇಕ್ ಒತ್ತಿದ್ರೂ ಕ್ರೂಸಿಗೆ ಗೊತ್ತೇ ಆಗದ ಹಾಗೆ ಮಾಡೋದು.”

“ಅಂದ್ರೆ ಬೇಕಂತಲೇ ಕೊಲ್ಲೋಕೆ ಹಾಕಿದ್ದಾ?”

ಅದಕ್ಕೆ ಉತ್ತರ ಪೆಡಲಿನ ಮೇಲೆಯೇ ಇತ್ತು. ಸ್ವಿಚ್ಚಿನಿಂದ ಚಾಚಿರುವ ಮೊಳೆಗೆ ತಾಗುವ ಜಾಗದಲ್ಲಿ ಅಂಗಿಯ ಗುಂಡಿಯಷ್ಟು ಒಂದು ರಬ್ಬರು ಇರುತ್ತದೆ. ಇದರಲ್ಲಿ ಅದು ಸವೆದು ಹಾಳೆಯಂತಾಗಿತ್ತು. ಹಾಗಾದರೆ ರಸ್ತೆಯ ಪ್ರತಿ ಕುಲುಕಿಗೂ ಮೊಳೆ ಅಲುಗುತ್ತದೆ, ಯಾರೋ ಬ್ರೇಕ್ ಒತ್ತಿದರೆಂದು ಕ್ರೂಸು ಕೈಬಿಡುತ್ತದೆ. ಪದೇ ಪದೇ ಕೈಬಿಡುವ ಕ್ರೂಸನ್ನು ಸರಿಮಾಡಲು ಹೊಸ ರಬ್ಬರು ಹಾಕಬೇಕು. ಇಲ್ಲಿ ಯಾರೋ ರಬ್ಬರು ಹಾಕುವ ಬದಲು ಸೇತುವೆ ಹಾಕಿದ್ದರು. ಕ್ರೂಸು ಬಿಡಲೇ ಇಲ್ಲ, ಬಿಡಬೇಕಾದಾಗಲೂ ಬಿಡಲಿಲ್ಲ.

“ಗುಂಡಿ ಒತ್ತಿ ಆಫ್ ಮಾಡಬಹುದಿತ್ತಲ್ಲ ಸಾರ್, ಆ ಡ್ರೈವರು?”

“ಗೋಡೆ ಎದುರಿಗೆ ಬರ್ತಿರುವಾಗ ನಿಮಗೆ ಗುಂಡಿ ಎಲ್ಲಿದೆ ಅಂತ ನೆನಪಿರತ್ತಾ?”

ಕಾನ್‌ಸ್ಟೇಬಲ್ ತಲೆ ತುರಿಸಿಕೊಂಡ. ಫೋಟೋ ತೆಗೆದೆ. ಅವನ ಎದುರಿಗೇ ಪಿನ್ನುಗಳನ್ನು ಕಿತ್ತೆ. ಲಾಠಿಯಿಂದ ಮತ್ತೆ ಒತ್ತಿಸಿದೆ. ಈ ಸಲ ಮೀಟರು ತಟ್ಟನೆ ಸುಮ್ಮನಾಯಿತು. ತುಂಡನ್ನು ಲಕೋಟೆಗೆ ಹಾಕಿ, ಅರಗು ಒತ್ತಿಸಿ, ಅವನ ಸಹಿ ಪಡೆದು, ಠಾಣೆಯಲ್ಲೇ ಬಿಟ್ಟು ಹೊರಬಿದ್ದೆ. ಬ್ಯಾಟರಿ ಬಿಚ್ಚಿಕೊಳ್ಳುವುದೂ ಮರೆತುಹೋಯಿತು.

ಮರೆಯಲು ಕಾರಣವಿತ್ತು. ತಂತಿ ಕತ್ತರಿಸದೆ ಪಿನ್ನು ಚುಚ್ಚಿ ಸೇತುವೆ ಕಟ್ಟಿ ಪರೀಕ್ಷಿಸುವ ಪದ್ಧತಿ ಈ ಊರಿನಲ್ಲಿ ಒಂದೇ ಗ್ಯಾರೇಜಿನದು. ಅದನ್ನು ಕಲಿಸಿದವರು ನನ್ನ ಮಾವ. ಅವರು ತೀರಿಕೊಂಡ ಮೇಲೆ ಆ ಗ್ಯಾರೇಜು ನಡೆಸುತ್ತಿರುವವಳು ಅವರ ಮಗಳು, ಅಂದರೆ ನನ್ನ ಹೆಂಡತಿ. ಅಪಘಾತಕ್ಕೆ ಮೂರು ವಾರ ಮುಂಚೆ ಇದೇ ಬೂದು ಕಾರು ಕ್ರೂಸಿನ ದೂರು ಹೊತ್ತು ಅವಳ ಬಾಗಿಲಿಗೆ ಬಂದಿತ್ತು.

*

ಮೊದಲು ಗ್ಯಾರೇಜಿಗೆ ಹೋಗಬೇಕಿತ್ತು. ಹೋಗಲಿಲ್ಲ. ಹೆಂಡತಿಯನ್ನು ಆ ಪ್ರಶ್ನೆ ಕೇಳುವುದಕ್ಕಿಂತ ಡ್ರೈವರಣ್ಣನ ಎದುರು ತಲೆತಗ್ಗಿಸುವುದು ಸುಲಭ ಅನ್ನಿಸಿತು. ಹೇಡಿಗಳು ಯಾವಾಗಲೂ ಸುಲಭದ ನಾಚಿಕೆಯನ್ನೇ ಮೊದಲು ಆರಿಸಿಕೊಳ್ಳುತ್ತಾರೆ.

ಮೂರನೇ ಮಹಡಿ, ಮೊಣಕೈ ತಾಗುವಷ್ಟು ಕಿರಿದಾದ ಮೆಟ್ಟಿಲು. ಬಾಗಿಲಿನ ಬೆಲ್ ಒತ್ತಿದೆ, ಶಬ್ದ ಬರಲಿಲ್ಲ. ಹಾಳಾದದ್ದನ್ನು ಕಂಡರೆ ಕಣ್ಣು ತಾನಾಗಿ ಹೋಗುತ್ತದೆ. ಗುಂಡಿಯ ಕೆಳಗೆ ಬಿಳಿ ತಂತಿ ಗೋಡೆಗುಂಟ ಇಳಿದು, ಅರ್ಧಕ್ಕೇ ಮೊಟಕಾಗಿ ನೇತಾಡುತ್ತಿತ್ತು. ಬಾಗಿಲು ತಟ್ಟಿದೆ.

“ಬೆಲ್ ಕೆಟ್ಟಿದೆ,” ಎಂದಳು ಬಾಗಿಲು ತೆರೆದ ಡ್ರೈವರಣ್ಣನ ಹೆಂಡತಿ, ಅದೂ ತನ್ನದೇ ತಪ್ಪೆಂಬ ಹಾಗೆ. ಅವಳ ಬೆರಳಿನಲ್ಲಿ, ಸೂಜಿ ಚುಚ್ಚದಂತೆ ಹಾಕುವ ಲೋಹದ ಟೊಪ್ಪಿಗೆಯಿತ್ತು. ಕೋಣೆಯ ಅರ್ಧ ಭಾಗ ಹೊಲಿಗೆ ಮಿಷನ್ನು, ಇನ್ನರ್ಧ ಗುಂಡಿಯಿಲ್ಲದ ಕೋಟುಗಳ ರಾಶಿ. ಬಟ್ಟೆ ಅಂಗಡಿಗೆ ಗುಂಡಿ, ಅಸ್ತರು ಹೊಲಿದುಕೊಟ್ಟು ಮನೆ ತೂಗಿಸುತ್ತಿದ್ದಳು. ಗಂಡ ಕೆಲಸ ಕಳೆದುಕೊಂಡ ಮೇಲೆ ರಾಶಿ ಇಮ್ಮಡಿಯಾಗಿರಬೇಕು.

ಡ್ರೈವರಣ್ಣ ಮಂಚದ ಮೇಲೆ ಕುಳಿತಿದ್ದ. ಬಲ ಮುಂಗೈಗೆ ಪ್ಲಾಸ್ಟರು. ನನ್ನನ್ನು ಕಂಡು ಎದ್ದು ನಿಂತ. ಅವನು ಎದ್ದದ್ದು ನೋಡಿ ನನಗೆ ಇನ್ನಷ್ಟು ನಾಚಿಕೆಯಾಯಿತು.

“ಕೂತ್ಕೊಳ್ಳಿ ಡ್ರೈವರಣ್ಣ.” ಹೋದ ವಾರ ನೀನು ಎಂದಿದ್ದ ಬಾಯಿ ಈಗ ನೀವು ಎನ್ನುತ್ತಿತ್ತು. “ನನ್ನಿಂದ ತಪ್ಪಾಯ್ತು. ನೀವು ನಿದ್ದೆ ಮಾಡಿರಲಿಲ್ಲ. ನೀವು ಹೇಳಿದ ಮಾತು ಅಕ್ಷರ ಅಕ್ಷರ ನಿಜ. ನಾನು ಸರಿಯಾಗಿ ನೋಡದೆ ನಿಮ್ಮನ್ನ ಸುಳ್ಳುಗಾರ ಅಂತ ಬರೆದೆ.”

ನಾನು ಅಷ್ಟಕ್ಕೇ ನಿಲ್ಲಿಸಲಿಲ್ಲ. ಸ್ವಿಚ್ಚು, ಎರಡನೇ ಜೋಡಿ, ಸೇತುವೆ, ಎಲ್ಲ ಬಿಡಿಸಿ ಹೇಳಿದೆ. ಹೇಳಿದಷ್ಟೂ ಎದೆಯ ಭಾರ ಇಳಿಯುತ್ತಿತ್ತು, ಹಾಗಾಗಿ ಬೇಕಾದ್ದಕ್ಕಿಂತ ಜಾಸ್ತಿಯೇ ಹೇಳಿದೆ.

“ನಾಳೆ ಎಲ್ಲರ ಎದುರು ಹಳೇ ವರದಿ ವಾಪಸ್ ತಗೋತೀನಿ. ನಿಮ್ಮ ಲೈಸೆನ್ಸು ಉಳಿಯತ್ತೆ.”

“ಆ ತಂತಿ ಈಗ ಎಲ್ಲಿದೆ ಸಾರ್?”

“ಠಾಣೆಯಲ್ಲಿ. ಮೊಹರು ಮಾಡಿಸಿದ್ದೀನಿ.”

“ತೆಗೆದುಬಿಟ್ರಾ,” ಎಂದ. ಮತ್ತೆ ಮಂಚದ ಮೇಲೆ ಕುಸಿದ.

ಬೇರೆ ಯಾರಾದರೂ ಆಗಿದ್ದರೆ ಮೊದಲು ನನ್ನ ಕೊರಳಪಟ್ಟಿ ಹಿಡಿಯುತ್ತಿದ್ದರು. ಈತ ತಂತಿಯನ್ನು ವಿಚಾರಿಸಿದ. ಪತ್ತೇದಾರಿಕೆ ಮಾಡುವವನಿಗೆ ಇದು ಚುರುಕ್ ಎನ್ನಬೇಕಿತ್ತು. ಕ್ಷಮೆ ಕೇಳಿದ ಸಡಗರದಲ್ಲಿ ನನಗೇನೂ ಅನ್ನಿಸಲಿಲ್ಲ.

ನಂಬಿಕೆ ಬರಲೆಂದು ಫೋನು ತೆಗೆದು ಫೋಟೋ ತೋರಿಸಿದೆ. ಡ್ರೈವರಣ್ಣ ಮುಖ ಆಚೆ ತಿರುಗಿಸಿದ. ಅವನ ಹೆಂಡತಿ ಬಂದು ಬಗ್ಗಿ ನೋಡಿದಳು. ತುಂಬ ಹೊತ್ತು ನೋಡಿದಳು.

“ಯಜಮಾನ್ರ ಸೊಂಟ ಇದ್ರಿಂದಲೇ ಮುರೀತಾ?”

“ಇದ್ರಿಂದಲೇ ಅಮ್ಮ. ಇದು ಇಲ್ಲದಿದ್ರೆ ಬ್ರೇಕ್ ಮುಟ್ಟಿದ ತಕ್ಷಣ ಗಾಡಿ ಮಾತು ಕೇಳ್ತಿತ್ತು.”

“ಇಷ್ಟು ಸಣ್ಣ ತುಂಡಿನಿಂದ.”

“ಹಾಕಿದವರ ಕೈ ಕಡೀಬೇಕು,” ಎಂದೆ, ಡ್ರೈವರಣ್ಣನಿಗೆ ಸಮಾಧಾನವಾಗಲಿ ಎಂದು.

ಆಕೆ ಸುಮ್ಮನೆ ಹೋಗಿ ಮಿಷನ್ನಿನ ಮುಂದೆ ಕುಳಿತು ತುಳಿಯತೊಡಗಿದಳು. ನಾನು ಎದ್ದು ಹೊರಡುವಾಗ ನೋಡಿದೆ, ಕೋಟು ಜಾರಿ ನೆಲಕ್ಕೆ ಬಿದ್ದಿತ್ತು, ಸೂಜಿ ಬಟ್ಟೆಯಿಲ್ಲದೆ ಏರಿ ಇಳಿಯುತ್ತಿತ್ತು. ಗಂಡ ನಿರಪರಾಧಿ ಎಂದು ತಿಳಿದ ಸಂತೋಷಕ್ಕೆ ಅಳು ಬಂದಿದೆ, ಅದನ್ನು ಮುಚ್ಚಿಡಲು ಹೀಗೆ ಮಾಡುತ್ತಿದ್ದಾಳೆ ಎಂದುಕೊಂಡೆ. ಅಷ್ಟು ಬುದ್ಧಿವಂತ ನಾನು.

*

ಗ್ಯಾರೇಜಿಗೆ ಬಂದಾಗ ಸಂಜೆ ಐದೂವರೆ. ನನ್ನ ಹೆಂಡತಿ ಒಂದು ಟ್ಯಾಕ್ಸಿಯ ಬಾನೆಟ್ಟಿನೊಳಗೆ ಅರ್ಧ ಮುಳುಗಿದ್ದಳು.

“ಒಂದು ನಿಮಿಷ ಬಾ.”

“ಐದು ನಿಮಿಷ ತಾಳಿ. ಬೆಲ್ಟು ಕೈಲಿದೆ.”

“ಈಗಲೇ ಬಾ.”

ನನ್ನ ದನಿ ಹೇಗಿತ್ತೋ ಏನೋ, ಅವಳು ತಲೆಯೆತ್ತಿ ನೋಡಿದಳು. ಬೆಲ್ಟು ಬಿಟ್ಟು, ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸುತ್ತ ಬಂದಳು. ಫೋನನ್ನು ಅವಳ ಮುಖಕ್ಕೆ ಹಿಡಿದೆ.

“ಪ್ರೆಸ್ಸಿನವರ ಕಾರಿನಲ್ಲಿ ಸಿಕ್ತು. ನಿನ್ನ ಕೈಕೆಲಸವಾ?”

ಅವಳು ಫೋಟೋ ನೋಡಲಿಲ್ಲ. ನನ್ನನ್ನು ನೋಡಿದಳು.

“ರೀ ಮೀಟರ್ ಸಾಹೇಬ್ರೇ, ಹೆಂಡ್ತಿ ಹತ್ರ ಕೇಳೋಕೆ ಬಂದಿದ್ದೀರಾ, ಮೆಕ್ಯಾನಿಕ್ ಹತ್ರ ವಿಚಾರಣೆಗೆ ಬಂದಿದ್ದೀರಾ?”

“ಪಿನ್ನು ಚುಚ್ಚೋದು ಈ ಊರಲ್ಲಿ ನೀನೊಬ್ಬಳೇ.”

“ಹೌದು. ಆ ಕಾರಿಗೂ ಚುಚ್ಚಿದ್ದೆ. ಕ್ರೂಸು ಬಿಟ್ಟುಬಿಟ್ಟು ಹೋಗ್ತಿದೆ ಅಂತ ತಂದಿದ್ರು. ಸ್ವಿಚ್ಚಿನ ದೋಷವಾ, ಬೇರೆ ಕಡೆಯದಾ ಅಂತ ತಿಳ್ಕೊಳ್ಳೋಕೆ ಸೇತುವೆ ಹಾಕಿ ಓಡಿಸಿದೆ. ಹತ್ತು ಕಿಲೋಮೀಟರ್ ಒಂದು ಸಲಾನೂ ಬಿಡಲಿಲ್ಲ. ವಾಪಸ್ ಬಂದು ಕಿತ್ತೆ. ರಬ್ಬರು ಸವೆದಿದೆ, ಹಳೇ ಮಾಡೆಲ್ಲು, ತರಿಸೋಕೆ ಎಂಟು ದಿನ ಬೇಕು, ಅಲ್ಲೀವರೆಗೆ ಕ್ರೂಸು ಮುಟ್ಟಬೇಡಿ ಅಂದೆ. ಎಂಟು ದಿನ ಗಾಡಿ ನಿಲ್ಲಿಸೋಕಾಗಲ್ಲ ಅಂತ ಯಜಮಾನ್ರು ಫೋನಲ್ಲೇ ಕೂಗಾಡಿದ್ರು. ಕೀ ಕೊಟ್ಟು ಕಳಿಸಿದೆ.”

“ಕಿತ್ತಿದ್ದು ನಿಜವಾ? ಅವಸರದಲ್ಲಿ ಮರೆತಿರಬಹುದು.”

ಅವಳು ಬೆರಳು ಮಾಡಿ ಗೋಡೆ ತೋರಿಸಿದಳು. ಹಲಗೆಯ ಮೇಲೆ ನಾಲ್ಕು ಮೊಳೆ, ನಾಲ್ಕರಲ್ಲೂ ಒಂದೊಂದು ಕೆಂಪು ತಂತಿಯ ತುಂಡು. ಪ್ರತಿಯೊಂದಕ್ಕೂ ಮೊಳದುದ್ದದ ಕೆಂಪು ರಿಬ್ಬನ್ನು. ಪರೀಕ್ಷೆಯ ತುಂಡು ಗಾಡಿಯಲ್ಲಿ ಇರುವಷ್ಟು ಹೊತ್ತು ರಿಬ್ಬನ್ನಿನ ಇನ್ನೊಂದು ತುದಿ ಸ್ಟೇರಿಂಗಿಗೆ ಕಟ್ಟಿರಬೇಕು. ಮಾವ ಮಾಡಿಟ್ಟ ನಿಯಮ. ಅದು ನನಗೆ ಗೊತ್ತಿಲ್ಲದ್ದೇನಲ್ಲ.

“ಮೊಳೆ ಖಾಲಿ ಇದ್ರೆ ಸಂಜೆ ಬಾಗಿಲು ಹಾಕಲ್ಲ ನಾನು,” ಎಂದಳು. “ನಿಮಗೆ ಗೊತ್ತು. ಗೊತ್ತಿದ್ದೂ ಕೇಳಿದ್ರಿ.”

ನಾನು ಫೋನು ಕೆಳಗಿಳಿಸಿದೆ.

“ಇನ್ನೊಂದು ಮಾತು. ಹೋದ ವಾರ ನೀವು ಆ ಕಾರು ನೋಡೋಕೆ ಹೋದಾಗ ಜೊತೆಗೆ ಕರ್ಕೊಂಡು ಹೋಗಿದ್ರಲ್ಲ, ನಾನು ಎಲ್ಲಿ ನಿಂತಿದ್ದೆ?”

“ಕಾರಿನ ಹಿಂದೆ.”

“ಏನು ಹೇಳ್ತಿದ್ದೆ?”

ಗ್ಯಾರೇಜಿನಲ್ಲಿ ಬೆಳೆದ ಎಲ್ಲರಿಗೂ ಅದು ಬಾಯಿಪಾಠ. ಒಬ್ಬ ಬ್ರೇಕ್ ಒತ್ತುತ್ತಾನೆ, ಇನ್ನೊಬ್ಬ ಹಿಂದೆ ನಿಂತು ದೀಪ ನೋಡಿ ‘ಬಂತು, ಹೋಯ್ತು’ ಎನ್ನುತ್ತಾನೆ. ಅವಳು ಬಂತು ಎಂದಿದ್ದಳು, ಹೋಯ್ತು ಎಂದಿದ್ದಳು. ನಾನು ಸ್ವಿಚ್ಚು ಸರಿಯಿದೆ ಎಂದು ಬರೆದುಕೊಂಡಿದ್ದೆ. ದೀಪದ ಜೋಡಿ ಬೇರೆ, ಕ್ರೂಸಿನ ಜೋಡಿ ಬೇರೆ ಎಂದು ಬಲ್ಲವನೇ ಹಾಗೆ ಬರೆದಿದ್ದೆ.

“ಬಂತು, ಹೋಯ್ತು ಅಂದಮೇಲೆ ನಾನೊಂದು ಕೇಳಿದೆ. ನೆನಪಿದೆಯಾ?”

ನೆನಪಿತ್ತು. ನೆನಪಾಗಬಾರದು ಎಂದು ವಾರವಿಡೀ ಒದ್ದಾಡಿದ್ದೆ.

“ಎರಡನೇ ಜೋಡಿ ನೋಡಲ್ವಾ ಅಂತ ಕೇಳಿದೆ,” ಎಂದಳು ಅವಳೇ. “ದೀಪ ಬಂತಲ್ಲ ಸಾಕು, ಹೊಟ್ಟೆ ಹಸೀತಿದೆ, ನಡಿ ಅಂದ್ರಿ.”

ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಒಬ್ಬ ಮನುಷ್ಯನ ಬದುಕನ್ನು ನಾನು ಒಂದು ಹೊತ್ತಿನ ಊಟಕ್ಕೆ ಬಿಟ್ಟುಕೊಟ್ಟಿದ್ದೆ. ಸಾಲದ್ದಕ್ಕೆ ಈಗ, ಅವತ್ತು ಸರಿಯಾದ ಪ್ರಶ್ನೆ ಕೇಳಿದ ಒಬ್ಬಳನ್ನೇ ಕಳ್ಳಿಯ ಹಾಗೆ ನಿಲ್ಲಿಸಿದ್ದೆ.

“ತಪ್ಪಾಯ್ತು,” ಎಂದೆ. ಬೆಳಿಗ್ಗೆಯಿಂದ ಎರಡನೇ ಸಲ.

ಅವಳು ಪರವಾಗಿಲ್ಲ ಎನ್ನಲಿಲ್ಲ. ಫೋನು ಕಿತ್ತುಕೊಂಡು ಫೋಟೋ ದೊಡ್ಡದು ಮಾಡಿದಳು.

“ತಂತಿ ನಂದಲ್ಲ, ಬಿಳೀದು. ರಿಬ್ಬನ್ ಇಲ್ಲ. ಇಲ್ನೋಡಿ, ತುದಿಗೆ ಟೇಪು ಹಾಕಿಲ್ಲ. ದಾರ. ಸುಮ್ಮನೆ ಸುತ್ತಿದ್ದೂ ಅಲ್ಲ. ಬುಡದಿಂದ ಮೇಲಕ್ಕೆ ಸುತ್ತಿ, ನಡುವೆ ತೂರಿಸಿ ಎಳೆದಿದ್ದಾರೆ. ನಾವ್ಯಾರೂ ಹೀಗೆ ಕಟ್ಟಲ್ಲ. ಕೋಟಿನ ಗುಂಡಿ ಹೊಲಿಯೋರು ಹೀಗೆ ಕಟ್ತಾರೆ.”

ಗುಂಡಿಯಿಲ್ಲದ ಕೋಟುಗಳ ರಾಶಿ. ಲೋಹದ ಟೊಪ್ಪಿಗೆ ಹಾಕಿದ ಬೆರಳು. ಶಬ್ದ ಮಾಡದ ಬೆಲ್ಲು, ಅದರ ಕೆಳಗೆ ಮೊಟಕಾಗಿ ನೇತಾಡುತ್ತಿದ್ದ ಬಿಳಿ ತಂತಿ. ಅದರ ಮೇಲೂ ಹಸಿರು ಗೆರೆ ಇತ್ತು. ನೋಡಿದ್ದೆ. ನೋಡಿಯೂ ಬಾಗಿಲು ತಟ್ಟಿದ್ದೆ.

“ಪರೀಕ್ಷೆಗೆ ಓಡಿಸುವಾಗ ಪಕ್ಕದಲ್ಲಿ ಯಾರಿದ್ರು?” ಎಂದು ಕೇಳಿದೆ.

ಅವಳ ಮುಖವೂ ಬದಲಾಯಿತು. ನಿಧಾನವಾಗಿ ಸ್ಟೂಲಿನ ಮೇಲೆ ಕುಳಿತಳು.

“ಡ್ರೈವರಣ್ಣ. ನಾನು ಪಿನ್ನು ಕೀಳುವಾಗ, ‘ಇಷ್ಟು ಚೆನ್ನಾಗಿ ಓಡ್ತಿದೆಯಲ್ಲ ಮೇಡಂ, ಹಾಗೇ ಬಿಟ್ಬಿಡಿ. ಕ್ರೂಸು ಬಿಟ್ಟಾಗಲೆಲ್ಲ ಯಜಮಾನ್ರು ನನ್ನ ಮರ್ಯಾದೆ ತೆಗೀತಾರೆ, ಓಡಿಸೋಕೆ ಬರಲ್ಲ ಅಂತಾರೆ’ ಅಂದ್ರು. ಆಗಲ್ಲ ಅಂದೆ. ಯಾಕೆ ಆಗಲ್ಲ ಅಂತ ಬಿಡಿಸಿ ಹೇಳಲಿಲ್ಲ ರೀ. ಇನ್ನೊಂದು ಗಾಡಿ ಕಾಯ್ತಿತ್ತು.”

ಟ್ಯಾಕ್ಸಿಯವನು ಬಂದು ಇಣುಕಿ, ಗಂಡ ಹೆಂಡಿರ ಜಗಳವೆಂದುಕೊಂಡು ಹಾಗೇ ಹಿಂದಕ್ಕೆ ಸರಿದ.

ಅಷ್ಟರಲ್ಲಿ ಬೀದಿಯ ಕಡೆಯಿಂದ ಯಾರೋ ಏದುಸಿರು ಬಿಡುತ್ತ ಒಳಗೆ ಬಂದರು. ಡ್ರೈವರಣ್ಣ. ಪ್ಲಾಸ್ಟರಿನ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಿದ್ದ, ಕಾಲಿಗೆ ಚಪ್ಪಲಿಯಿರಲಿಲ್ಲ. ನಮ್ಮ ಮುಖಗಳನ್ನೂ ನನ್ನ ಹೆಂಡತಿಯ ಕೈಯಲ್ಲಿದ್ದ ಫೋಟೋವನ್ನೂ ಒಮ್ಮೆ ನೋಡಿದ. ನಮಗೆ ಎಲ್ಲ ಗೊತ್ತಾಗಿದೆ ಎಂದು ಅವನಿಗೆ ತಿಳಿಯಿತು.

“ಹಳೇ ವರದಿಯೇ ಇರಲಿ ಸಾರ್,” ಎಂದ. “ನಾನು ನಿದ್ದೆ ಮಾಡಿದ್ದೆ.”

“ನೀವು ನಿದ್ದೆ ಮಾಡಿರಲಿಲ್ಲ.”

“ಮಾಡಿದ್ದೆ ಅಂತ ನೀವೇ ಬರೆದಿದ್ದೀರಲ್ಲ. ಎಲ್ಲರೂ ನಂಬಿದ್ದಾರೆ. ನಾನೂ ಒಪ್ಕೊಂಡುಬಿಡ್ತೀನಿ.”

ಆ ಮಾತು ಕೆನ್ನೆಗೆ ಹೊಡೆದಂತಾಯಿತು. ಹೊಡೆದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

“ಸೇತುವೆ ಹಾಕಿದ್ದು ನೀವು.”

“ನಾನೇ. ಮೇಡಂ ಹಾಕಿದ್ದು ನೋಡಿದ್ದೆ. ಕ್ರೂಸು ಕೈಬಿಡಲ್ಲ ಅಂತ ಗೊತ್ತಿತ್ತು, ಬ್ರೇಕಿನ ಮಾತು ಕೇಳಲ್ಲ ಅಂತ ಗೊತ್ತಿರಲಿಲ್ಲ. ಗೋಡೆ ಬಂದಾಗ ಗೊತ್ತಾಯ್ತು. ಆಸ್ಪತ್ರೆಯಲ್ಲಿ ಗಾಬರಿಗೆ ಇದ್ದದ್ದು ಇದ್ದ ಹಾಗೆ ಬಾಯಿಂದ ಬಂದುಬಿಡ್ತು. ನೀವು ನಂಬಲಿಲ್ಲ. ಒಳ್ಳೇದೇ ಆಯ್ತು ಅಂದ್ಕೊಂಡೆ.”

“ತುದಿಗೆ ದಾರ ಸುತ್ತಿದ್ದು?”

ಅವನು ತಲೆ ತಗ್ಗಿಸಿದ.

“ನನ್ನ ಕೈ ದಪ್ಪ ಸಾರ್. ಬೆಲ್ಲಿನ ತಂತಿ ಕತ್ತರಿಸಿಕೊಟ್ಟು, ಹಾರ್ನಿಗೆ ಬೇಕು, ಪಿನ್ನಿಗೆ ಸೇರಿಸಿ ಗಟ್ಟಿಯಾಗಿ ಕಟ್ಟಿಕೊಡು ಅಂತ ಹೆಂಡ್ತಿಗೆ ಹೇಳಿದೆ. ಅವಳು ಯಾಕೆ ಏನು ಅಂತ ಕೇಳೋಳಲ್ಲ. ನಾನು ನಿದ್ದೆ ಮಾಡಿದೆ ಅಂದ್ರೆ ನಾನೊಬ್ಬನೇ ಹೋಗ್ತೀನಿ. ತಂತಿ ಅಂದ್ರೆ ಅವಳನ್ನೂ ಎಳೀತಾರೆ.”

“ಅವರಿಗೆ ಏನೂ ಗೊತ್ತಿರಲಿಲ್ಲ ಅಂತ ನಾನು ಬರೀತೀನಿ.”

“ಗೊತ್ತಿರಲಿಲ್ಲ ಸಾರ್. ಇವತ್ತು ಮಧ್ಯಾಹ್ನದವರೆಗೂ ಗೊತ್ತಿರಲಿಲ್ಲ.” ಮೊದಲ ಸಲ ಅವನು ನನ್ನ ಕಣ್ಣಿಗೆ ಕಣ್ಣಿಟ್ಟು ನೋಡಿದ. “ನೀವು ಬಂದು ಫೋಟೋ ತೋರಿಸಿದ್ರಿ. ಹಾಕಿದವರ ಕೈ ಕಡೀಬೇಕು ಅಂದ್ರಿ.”

ನನ್ನ ಹೆಂಡತಿ ನನ್ನ ಕಡೆ ತಿರುಗಿದಳು. ಅವರ ಮನೆಗೆ ಹೋಗಿದ್ದನ್ನು ನಾನು ಅವಳಿಗೆ ಹೇಳಿರಲಿಲ್ಲ.

“ಅಕ್ಕ ಈಗ ಎಲ್ಲಿದ್ದಾರೆ?” ಎಂದು ಕೇಳಿದವಳು ಅವಳೇ.

“ಅದಕ್ಕೇ ಓಡಿ ಬಂದೆ ಮೇಡಂ. ಸಾರ್ ಹೋದ ಹತ್ತು ನಿಮಿಷಕ್ಕೆ ಎದ್ದು ಹೋದಳು. ಬೆರಳಿನ ಟೊಪ್ಪಿಗೆ ಬಿಚ್ಚಿ ಮಿಷನ್ನಿನ ಮೇಲೆ ಇಟ್ಟು ಹೋಗಿದ್ದಾಳೆ. ಅದನ್ನ ಅವಳು ಹಗಲು ಹೊತ್ತು ಬಿಚ್ಚೋದೇ ಇಲ್ಲ. ಇಲ್ಲಿಗೆ ಬಂದಿರಬಹುದು ಅಂದ್ಕೊಂಡೆ.”

ನನ್ನ ಎದೆಯ ಭಾರ ಇಳಿಸಿಕೊಳ್ಳಲು ನಾನು ಅವರ ಮನೆಗೆ ಹೋಗಿದ್ದೆ. ಇಳಿಸಿ ಯಾರ ತಲೆಯ ಮೇಲೆ ಇಟ್ಟು ಬಂದೆ ಎಂಬುದು ಈಗ ಅರ್ಥವಾಯಿತು.

ಹೆಂಡತಿಯ ಕೈಯಲ್ಲಿದ್ದ ನನ್ನ ಫೋನು ಹೊಡೆದುಕೊಂಡಿತು. ಅವಳ ಬೆರಳಿಗೆ ಎಣ್ಣೆಯಿತ್ತು, ಕಿವಿಗಿಡದೆ ಸ್ಪೀಕರ್ ಒತ್ತಿದಳು. ಕಾನ್‌ಸ್ಟೇಬಲ್. ಈ ಸಲ ಅವನ ದನಿಯಲ್ಲಿ ತಮಾಷೆಯಿರಲಿಲ್ಲ.

“ಮೀಟರ್ ಸಾರ್, ಆ ಡ್ರೈವರ್ ಹೆಂಡ್ತಿ ಬಂದು ಬೂದು ಕಾರಿನೊಳಗೆ ಕೂತಿದ್ದಾರೆ. ಇಳಿಯಮ್ಮ ಅಂದ್ರೂ ಇಳೀತಿಲ್ಲ. ಬ್ರೇಕು ಒತ್ತೋದು ಬಿಡೋದು, ಅದೇ ಮಾಡ್ತಿದ್ದಾರೆ. ನೀವು ಬ್ಯಾಟರಿ ಬಿಟ್ಟುಹೋಗಿದ್ದೀರಲ್ಲ, ಹಿಂದೆ ದೀಪ ಬರ್ತಿದೆ, ಹೋಗ್ತಿದೆ.”

ಡ್ರೈವರಣ್ಣ ಗೋಡೆಗೆ ಒರಗಿದ.

“ಗಾಡಿ ಕೆಡಿಸಿದ್ದು ನಾನು, ಯಜಮಾನ್ರ ಮೇಲಿನ ಸಿಟ್ಟಿಗೆ ಬೇಕಂತಲೇ ಮಾಡಿದೆ, ನನ್ನ ಗಂಡನಿಗೆ ಏನೂ ಗೊತ್ತಿಲ್ಲ, ಬರ್ಕೊಳ್ಳಿ ಅಂತಿದ್ದಾರೆ. ನಮ್ಮ ಇನ್‌ಸ್ಪೆಕ್ಟರ್ ಸಾಹೇಬ್ರು ಕಾಗದ ಪೆನ್ನು ತೆಗೆದು ಕೂತಿದ್ದಾರೆ. ‘ಆ ದಾರದ ಗಂಟು ಇವರದ್ದೇನಾ, ಮೀಟರ್ ಹೌದು ಅಂದ್ರೆ ಬರ್ಕೊಂಡುಬಿಡ್ತೀನಿ, ಕೇಳು’ ಅಂದ್ರು. ಏನು ಹೇಳಲಿ ಸಾರ್?”

ಫೋನನ್ನು ಹೆಂಡತಿ ನನ್ನ ಬಾಯಿಯ ಹತ್ತಿರ ಹಿಡಿದಳು. ಗಂಟು ಆಕೆಯದೇ, ತಪ್ಪು ಆಕೆಯದಲ್ಲ, ಸಾಹೇಬರು ಕೇಳಿದ್ದು ಗಂಟನ್ನು ಮಾತ್ರ. ಡ್ರೈವರಣ್ಣ ನನ್ನ ಮುಖವನ್ನೇ ನೋಡುತ್ತಿದ್ದ.